ದುಬಾರಿ ಕೇಬಲ್ ಹಾಕಿದರೆ ಮೊಬೈಲ್ ಹಾಡು ಇಂಪಾಗುತ್ತದೆಯೇ? ವಾಸ್ತವ ಇಲ್ಲಿದೆ

ಮೊಬೈಲ್‌ ಹಾಡನ್ನು ಮನೆಯ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ನಲ್ಲಿ ಕೇಳುವವರಿಗೆ ಸಲಹೆಗಳಿಗೇನೂ ಬರವಿಲ್ಲ. ಚಿನ್ನದ ಲೇಪನವಿರುವ ಕೇಬಲ್ ಹಾಕಿ, 24 ಬಿಟ್ ಹಾಡನ್ನೇ ಕೇಳಿ, ಬ್ಲೂಟೂತ್ ಬೇಡವೇ ಬೇಡ ಎನ್ನುವವರಿದ್ದಾರೆ. ಸಾವಿರಾರು ರೂಪಾಯಿ ಖರ್ಚು ಮಾಡುವ ಮುನ್ನ ಇವುಗಳಲ್ಲಿ ನಿಜ ಎಷ್ಟು ಎಂದು ನೋಡೋಣ.

ಹೇಳಿಕೆ 1: ದುಬಾರಿ ಕೇಬಲ್‌ನಿಂದ ಧ್ವನಿ ಸುಧಾರಿಸುತ್ತದೆ

ಬಹುಮಟ್ಟಿಗೆ ಸುಳ್ಳು. ಆಪ್ಟಿಕಲ್, ಎಚ್‌ಡಿಎಂಐ ಕೇಬಲ್‌ಗಳಲ್ಲಿ ಸಾಗುವುದು 0 ಮತ್ತು 1ರ ರೂಪದ ಮಾಹಿತಿ. ಅದು ಸರಿಯಾಗಿ ತಲುಪಿದರೆ ಅಗ್ಗದ ಕೇಬಲ್‌ನಲ್ಲೂ ಅದೇ ಹಾಡು ಕೇಳುತ್ತದೆ. ಕೇಬಲ್ ಕೆಟ್ಟಿದ್ದರೆ ಧ್ವನಿ ತುಂಡಾಗುತ್ತದೆ ಅಥವಾ ನಿಂತೇಹೋಗುತ್ತದೆ. ಸ್ಪೀಕರ್ ವೈರ್‌ನಲ್ಲಿ ಮುಖ್ಯವಾದದ್ದು ಅದರ ದಪ್ಪ. ನಾಲ್ಕೈದು ಮೀಟರ್ ದೂರಕ್ಕೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಮಾನ್ಯವಾಗಿ ಸಾಕು.

ಹೇಳಿಕೆ 2: 24 ಬಿಟ್ 'ಹೈ-ರೆಸ್' ಇಲ್ಲದಿದ್ದರೆ ವ್ಯರ್ಥ

ಇದು ಉತ್ಪ್ರೇಕ್ಷೆ. ಸಿ.ಡಿ. ಗುಣಮಟ್ಟವೆಂದರೆ 16 ಬಿಟ್, 44.1 ಕಿಲೋಹರ್ಟ್ಸ್. ಇದರಲ್ಲಿ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಧ್ವನಿ ಹಿಡಿಸುತ್ತದೆ. ಮನುಷ್ಯರ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್. ವಯಸ್ಸಾದಂತೆ ಅದೂ ಇಳಿಯುತ್ತದೆ. 2007ರಲ್ಲಿ ಪ್ರಕಟವಾದ ಮೇಯರ್ ಮತ್ತು ಮೋರಾನ್ ಅವರ ಅಧ್ಯಯನದಲ್ಲಿ ಕೇಳುಗರು 554 ಪ್ರಯತ್ನಗಳಲ್ಲಿ 276 ಬಾರಿ ಮಾತ್ರ ವ್ಯತ್ಯಾಸವನ್ನು ಸರಿಯಾಗಿ ಗುರುತಿಸಿದರು. ನಾಣ್ಯ ಚಿಮ್ಮಿ ಹೇಳಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2016ರ ವಿಶ್ಲೇಷಣೆಯೊಂದರಲ್ಲಿ ಸರಿಯುತ್ತರ ಸುಮಾರು ಶೇ 52ರಷ್ಟಿತ್ತು. ಅಂದರೆ ವ್ಯತ್ಯಾಸ ಇದ್ದರೂ ತೀರಾ ಸಣ್ಣದು.

ಹೇಳಿಕೆ 3: ಬ್ಲೂಟೂತ್ ಧ್ವನಿಯನ್ನು ಹಾಳು ಮಾಡುತ್ತದೆ

ಅರ್ಧ ಸತ್ಯ. ಬ್ಲೂಟೂತ್ ಹಾಡನ್ನು ಮತ್ತೊಮ್ಮೆ ಕುಗ್ಗಿಸಿ ಕಳಿಸುತ್ತದೆ. ಸಾಮಾನ್ಯ ಎಸ್‌ಬಿಸಿ ಕೋಡೆಕ್‌ನಲ್ಲಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್, ಎಲ್‌ಡಿಎಸಿಯಲ್ಲಿ ಗರಿಷ್ಠ 990 ಕಿಲೋಬಿಟ್ ಸಾಗುತ್ತದೆ. ಕುಗ್ಗಿಸದ ಸಿ.ಡಿ. ಧ್ವನಿಗೆ ಬೇಕಾದದ್ದು 1,411 ಕಿಲೋಬಿಟ್. ಮನೆಗೆಲಸ ಮಾಡುತ್ತಾ ಕೇಳಲು ಬ್ಲೂಟೂತ್ ಧಾರಾಳ ಸಾಕು. ಕುಳಿತು ಗಮನವಿಟ್ಟು ಕೇಳುವುದಾದರೆ ವೈಫೈ ಅಥವಾ ಕೇಬಲ್ ಮೇಲು.

ಹಾಗಾದರೆ ನಿಜಕ್ಕೂ ಏನು ಮಾಡಬೇಕು?

ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿ.

* ಆ್ಯಪ್‌ ಸೆಟ್ಟಿಂಗ್ಸ್ ನೋಡಿ. ಸ್ಪಾಟಿಫೈನಲ್ಲಿ 'ನಾರ್ಮಲ್' ಎಂದರೆ ಸುಮಾರು 96 ಕಿಲೋಬಿಟ್, ಪ್ರೀಮಿಯಂನ 'ವೆರಿ ಹೈ' ಎಂದರೆ 320. ಆ್ಯಪ್‌ನಲ್ಲೇ ಕಳೆದುಹೋದ ವಿವರವನ್ನು ಯಾವ ಕೇಬಲ್ಲೂ ಮರಳಿ ತರಲಾರದು. ಆದರೆ 320ರಲ್ಲಿ ಗಂಟೆಗೆ ಸುಮಾರು 144 ಎಂಬಿ ಖರ್ಚಾಗುತ್ತದೆ; ಡೇಟಾ ಪ್ಯಾಕ್ ಮೇಲೆ ಕಣ್ಣಿರಲಿ.
* ಮೊಬೈಲ್‌ನ ವಾಲ್ಯೂಮ್ ಹೆಚ್ಚಿಟ್ಟು, ಆಂಪ್ಲಿಫೈಯರ್‌ನಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಧ್ವನಿ ಒಡೆದಂತೆ ಕೇಳಿದರೆ ಮೊಬೈಲ್‌ನಲ್ಲಿ ಸ್ವಲ್ಪ ತಗ್ಗಿಸಿ.
* ಸ್ಪೀಕರ್‌ನ ಪ್ಲಸ್, ಮೈನಸ್ ಪರೀಕ್ಷಿಸಿ. ಒಂದರಲ್ಲಿ ಮಾತ್ರ ಅದಲುಬದಲಾಗಿದ್ದರೆ ಬೇಸ್ ತೆಳುವಾಗುತ್ತದೆ, ಗಾಯಕರ ಧ್ವನಿ ನಡುವಿನಿಂದ ಬರುವುದಿಲ್ಲ.
* ಸ್ಪೀಕರ್‌ಗಳನ್ನು ಮೂಲೆಯಿಂದ ಹೊರತನ್ನಿ. ಮೂಲೆಯಲ್ಲಿ ಬೇಸ್ ಗುಡುಗುತ್ತದೆ. ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸಮಬಾಹು ತ್ರಿಕೋನದಂತಿರಲಿ. ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕಿವಿಯ ಮಟ್ಟದಲ್ಲಿರಲಿ.
* ಟೈಲ್ಸ್ ನೆಲ, ಬರಿಗೋಡೆಯ ಹಾಲ್‌ನಲ್ಲಿ ಧ್ವನಿ ಪ್ರತಿಫಲಿಸಿ ಮಾತು ಕಲಸಿದಂತಾಗುತ್ತದೆ. ಜಮಖಾನ, ದಪ್ಪ ಪರದೆ, ತುಂಬಿದ ಪುಸ್ತಕದ ಕಪಾಟು ಇದನ್ನು ತಗ್ಗಿಸುತ್ತವೆ.

ಅಂಗಡಿಯಲ್ಲಿ ಈ ಎಚ್ಚರವಿರಲಿ

ಎರಡು ಉಪಕರಣಗಳನ್ನು ಹೋಲಿಸುವಾಗ ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ನಮ್ಮ ಕಿವಿಗೆ ಅನಿಸುತ್ತದೆ. ಹಾಗಾಗಿ ಎರಡರ ವಾಲ್ಯೂಮ್ ಸಮವಾಗಿಸಿ, ನಿಮಗೆ ಚಿರಪರಿಚಿತವಾದ ಒಂದೇ ಹಾಡನ್ನು ಹಾಕಿಸಿ. ಯಾವುದು ದುಬಾರಿ ಎಂದು ಗೊತ್ತಿಲ್ಲದೆ ಕೇಳಿದರೆ ಇನ್ನೂ ಒಳ್ಳೆಯದು.

ಒಟ್ಟಿನಲ್ಲಿ: ಧ್ವನಿಯನ್ನು ಹೆಚ್ಚು ಬದಲಿಸುವುದು ಸ್ಪೀಕರ್, ಅದನ್ನಿಟ್ಟ ಜಾಗ ಮತ್ತು ಕೋಣೆ. ಇಷ್ಟೆಲ್ಲ ಮಾಡಿದ ಮೇಲೂ ತೃಪ್ತಿಯಾಗದಿದ್ದರೆ ಕೇಬಲ್‌ಗೆ ಎತ್ತಿಟ್ಟ ಹಣವನ್ನು ಒಳ್ಳೆಯ ಸ್ಪೀಕರ್‌ಗೆ ಹಾಕಿ.