ವೇಣುಪುರದ ನೆಲ, ಜಲ ಮತ್ತು ಜನ

ತೀರ್ಥಕ್ಷೇತ್ರವೊಂದರ ಇತಿಹಾಸವನ್ನು ಬರೆಯುವಾಗ ಅರಸರ ವಂಶಾವಳಿ, ಶಾಸನಗಳ ಕಾಲ, ಬಿಂಬಗಳ ಎತ್ತರ ಇವುಗಳಿಗೆ ಸಾಮಾನ್ಯವಾಗಿ ಮೊದಲ ಸ್ಥಾನ ದೊರೆಯುತ್ತದೆ. ಇವೆಲ್ಲವೂ ಅವಶ್ಯವೇ. ಆದರೆ ಬಸದಿಯು ನಿಂತಿರುವುದು ನೆಲದ ಮೇಲೆ. ಅದರಲ್ಲಿ ದೀಪ ಬೆಳಗಿಸುವವರು ಜನ. ನೆಲ ಮತ್ತು ಜನಗಳ ಸಂಬಂಧವು ಬದಲಾದಾಗ ಜಿನಾಲಯದ ಬದುಕೂ ಬದಲಾಗುತ್ತದೆ. ಈ ಮಾತಿಗೆ ‘ಜೈನಕಾಶಿ’ ಎಂದು ಪ್ರಖ್ಯಾತವಾದ ಮೂಡಬಿದಿರೆಗಿಂತ ಉತ್ತಮವಾದ ನಿದರ್ಶನ ತುಳುನಾಡಿನಲ್ಲಿ ದೊರೆಯಲಾರದು.

ಮೂಡಬಿದಿರೆಯು ಮಂಗಳೂರಿನ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಕಾರ್ಕಳಕ್ಕೆ ಹೋಗುವ ಹೆದ್ದಾರಿಯ ಮೇಲೆ ಇದೆ. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಸಹ್ಯಾದ್ರಿ. ಇವೆರಡರ ನಡುವಣ ಏರುತಗ್ಗಿನ ಪ್ರದೇಶದಲ್ಲಿ ಈ ಪಟ್ಟಣ ಹರಡಿಕೊಂಡಿದೆ. ಎತ್ತರದ ಪದವುಗಳಲ್ಲಿ ಕೆಂಪು ಮುರಕಲ್ಲು, ತಗ್ಗಿನ ಬಯಲುಗಳಲ್ಲಿ ಭತ್ತದ ಗದ್ದೆ, ಅವುಗಳ ಅಂಚಿನಲ್ಲಿ ತೆಂಗು ಕಂಗುಗಳ ತೋಟ, ಇದು ಇಲ್ಲಿನ ಭೂಸ್ವರೂಪ. ಘಟ್ಟದ ಮೇಲಿನ ನಾಡಿಗೂ ಕರಾವಳಿಯ ಬಂದರುಗಳಿಗೂ ನಡುವೆ ಇರುವುದರಿಂದ ಹಿಂದಿನ ಕಾಲದಲ್ಲಿ ವರ್ತಕರಿಗೆ ಇದು ಅನುಕೂಲವಾದ ನೆಲೆಯಾಯಿತು.

ಊರಿನ ಹೆಸರೇ ಅದರ ಭೂಗೋಳವನ್ನು ಹೇಳುತ್ತದೆ. ಬಿದಿರು ದಟ್ಟವಾಗಿ ಬೆಳೆದ ಮೂಡಣ ದಿಕ್ಕಿನ ಊರು ಮೂಡಬಿದಿರೆ. ಕಡಲ ತಡಿಯಲ್ಲಿರುವುದು ಪಡುಬಿದ್ರಿ. ಸಂಸ್ಕೃತದಲ್ಲಿ ಇದನ್ನೇ ವೇಣುಪುರ, ವಂಶಪುರ ಎಂದರು. ಶ್ರವಣಬೆಳಗೊಳದಿಂದ ಬಂದ ಮುನಿಗಳೊಬ್ಬರು ಇಲ್ಲಿನ ಬಿದಿರು ಮೆಳೆಯ ಬಳಿ ಹುಲಿಯೂ ಹಸುವೂ ವೈರವನ್ನು ಮರೆತು ಒಟ್ಟಿಗಿರುವುದನ್ನು ಕಂಡರೆಂದೂ, ಅಲ್ಲಿಯೇ ಭಗವಾನ್ ಪಾರ್ಶ್ವನಾಥರ ಬಿಂಬವು ದೊರೆಯಿತೆಂದೂ ಪರಂಪರೆಯ ನಂಬುಗೆ. ಆ ಬಿಂಬವು ವಿರಾಜಮಾನವಾಗಿರುವ ಗುರುಬಸದಿಯು ಊರಿನ ಹದಿನೆಂಟು ಬಸದಿಗಳಲ್ಲಿ ಅತ್ಯಂತ ಪ್ರಾಚೀನವಾದುದೆಂದು ಪರಿಗಣಿತವಾಗಿದೆ. ಕಾಡನ್ನು ಕಡಿದು ಊರಾದ ನೆನಪನ್ನು ಈ ಐತಿಹ್ಯವು ಅಹಿಂಸೆಯ ಸಂದೇಶದೊಂದಿಗೆ ಉಳಿಸಿಕೊಂಡಿದೆ.

ಈ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಹೋಗುತ್ತದೆ. ಹಾಗಾಗಿ ಬಯಲುನಾಡಿನ ಶಿಖರವುಳ್ಳ ಜಿನಾಲಯದ ಮಾದರಿ ಇಲ್ಲಿಗೆ ಒಗ್ಗಲಿಲ್ಲ. ಇಳಿಜಾರಾದ ಮಾಡು, ಗೋಡೆಯಿಂದ ಹೊರಚಾಚಿದ ಸೂರು, ಸುತ್ತಲೂ ಕಂಬಸಾಲು, ಮೇಲಂತಸ್ತಿನಲ್ಲಿ ಮರದ ಕೆಲಸ, ಇವೆಲ್ಲ ಮಳೆಯ ನಾಡು ಕಲಿಸಿದ ಪಾಠಗಳು. ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಲ್ಲಿನ ವಾಸ್ತುವನ್ನು ನೇಪಾಳದ ಕಟ್ಟಡಗಳೊಂದಿಗೆ ಹೋಲಿಸಿದನು. ಆದರೆ ಈ ರೂಪಕ್ಕೆ ಕಾರಣವನ್ನು ಅಷ್ಟು ದೂರದಲ್ಲಿ ಹುಡುಕಬೇಕಾಗಿಲ್ಲ. ತುಳುನಾಡಿನ ರೈತನ ಮನೆಯ ಮಾಡೂ ಜಿನಮಂದಿರದ ಮಾಡೂ ಒಂದೇ ಮಳೆಗೆ ಒಡ್ಡಿಕೊಂಡಿವೆ.

ಹದಿನೈದನೆಯ ಶತಮಾನವು ಈ ಪಟ್ಟಣದ ಉಚ್ಛ್ರಾಯ ಕಾಲ. ವಿಜಯನಗರದ ಇಮ್ಮಡಿ ದೇವರಾಯನು ಆಳುತ್ತಿದ್ದಾಗ 1430ರಲ್ಲಿ ತ್ರಿಭುವನತಿಲಕ ಚೂಡಾಮಣಿ ಬಸದಿಯು ರೂಪುಗೊಂಡಿತು. ಜನರು ಅಕ್ಕರೆಯಿಂದ ‘ಸಾವಿರ ಕಂಬದ ಬಸದಿ’ ಎಂದು ಕರೆಯುವ, ಭಗವಾನ್ ಚಂದ್ರನಾಥರ ಈ ಆಲಯವು ಆ ಕಾಲದ ಶ್ರಾವಕರ ಐಶ್ವರ್ಯಕ್ಕೂ ಔದಾರ್ಯಕ್ಕೂ ಸಾಕ್ಷಿಯಾಗಿದೆ. ಮುಂದೆ ಜೈನ ಅರಸರಾದ ಚೌಟರು ಪುತ್ತಿಗೆಯಿಂದ ಬಂದು ಇಲ್ಲಿ ನೆಲೆಸಿದರು. ಅವರ ಅರಮನೆಯ ಮರದ ಕಂಬಗಳಲ್ಲಿರುವ ನವನಾರೀಕುಂಜರ, ಪಂಚನಾರೀತುರಗಗಳು ಇಂದಿಗೂ ಕಲಾಪ್ರೇಮಿಗಳನ್ನು ಸೆಳೆಯುತ್ತವೆ. ‘ಭರತೇಶ ವೈಭವ’ದ ಕರ್ತೃ ರತ್ನಾಕರವರ್ಣಿಯು ಬೆಳೆದುದೂ ಈ ಮಣ್ಣಿನಲ್ಲಿಯೇ.

ಆದರೆ ಮೂಡಬಿದಿರೆಯು ಎಂದೂ ಕೇವಲ ಜೈನರ ಊರಾಗಿರಲಿಲ್ಲ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬುದು ಊರವರ ಹೆಮ್ಮೆಯ ಮಾತು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಇಲ್ಲಿನ ಪೇಟೆಯಲ್ಲಿ ಒಟ್ಟಿಗೆ ಕೇಳಿಬರುತ್ತವೆ. ಶ್ರಾವಕರ ಮನೆಮಾತೂ ತುಳುವೇ. ಬಸದಿಗೆ ಹೂವು, ಎಣ್ಣೆ, ವಾದ್ಯ, ಅಕ್ಕಿ ಇವುಗಳನ್ನು ಒದಗಿಸುತ್ತಿದ್ದವರಲ್ಲಿ ಅನ್ಯ ಸಮಾಜದವರೂ ಸೇರಿದ್ದರು. ಅಲ್ಪಸಂಖ್ಯಾತವಾದ ಧರ್ಮವೊಂದು ಶತಮಾನಗಳ ಕಾಲ ಹದಿನೆಂಟು ಜಿನಾಲಯಗಳನ್ನು ಕಾಪಾಡಿಕೊಂಡು ಬಂದುದರ ಹಿಂದೆ ಈ ಪರಸ್ಪರ ವಿಶ್ವಾಸವಿದೆಯೆಂಬುದನ್ನು ಮರೆಯಲಾಗದು.

ಅರಸೊತ್ತಿಗೆಯು ಅಳಿದ ಮೇಲೆಯೂ ಬಸದಿಗಳು ಅಳಿಯದಿರಲು ಭೂಮಿಯೇ ಕಾರಣ. ನಿತ್ಯಪೂಜೆ, ನಂದಾದೀಪ, ಇಂದ್ರರ ಜೀವನ ಇವೆಲ್ಲವೂ ಉಂಬಳಿಯ ಗದ್ದೆಗಳಿಂದ ಬರುವ ಗೇಣಿ ಅಕ್ಕಿಯನ್ನು ಅವಲಂಬಿಸಿದ್ದವು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವನ ಪಾಲಿಗೆ ಬಂದವು. ತಲೆಮಾರುಗಳಿಂದ ದುಡಿದ ಒಕ್ಕಲಿಗೆ ನೆಲ ದೊರೆತುದು ನ್ಯಾಯವೇ. ಅಪರಿಗ್ರಹವನ್ನು ವ್ರತವೆಂದು ಬೋಧಿಸುವ ಧರ್ಮವು ಇದನ್ನು ಅನ್ಯಾಯವೆನ್ನಲಾರದು. ಆದರೂ ಗೇಣಿಯ ಬದಲಿಗೆ ಬಂದ ವಾರ್ಷಿಕ ತಸ್ತೀಕಿನ ಹಣವು ಬೆಲೆಯೇರಿಕೆಯ ಮುಂದೆ ಕ್ಷೀಣಿಸುತ್ತ ಹೋಯಿತು. ಜಮೀನನ್ನು ನಂಬಿದ್ದ ಜೈನ ಮನೆತನಗಳ ಮಕ್ಕಳು ವಿದ್ಯೆಯನ್ನರಸಿ, ಉದ್ಯೋಗವನ್ನರಸಿ ಮಂಗಳೂರು, ಬೆಂಗಳೂರು, ಮುಂಬಯಿಗಳಿಗೆ ತೆರಳಿದರು. ನೂರಾರು ವರ್ಷ ಭೂಮಿಯು ಹೊತ್ತಿದ್ದ ಭಾರವು ಅಂದಿನಿಂದ ಶ್ರಾವಕರ ಹೆಗಲಿಗೆ ಬಂದಿತು.

ಇತ್ತ ಪಟ್ಟಣವು ಮಾತ್ರ ಬೆಳೆಯುತ್ತಲೇ ಇದೆ. 2001ರ ಜನಗಣತಿಯಲ್ಲಿ ಸುಮಾರು 25 ಸಾವಿರವಿದ್ದ ಪುರಸಭಾ ವ್ಯಾಪ್ತಿಯ ಜನಸಂಖ್ಯೆಯು 2011ರಲ್ಲಿ 29 ಸಾವಿರದ ಆಸುಪಾಸಿಗೆ ಬಂದಿತು. 1965ರಲ್ಲಿ ಆರಂಭವಾದ ಶ್ರೀ ಮಹಾವೀರ ಕಾಲೇಜು, 1995ರಲ್ಲಿ ಸ್ಥಾಪಿತವಾದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಮೊದಲಾದ ಸಂಸ್ಥೆಗಳಿಂದ ಇದು ವಿದ್ಯಾಕೇಂದ್ರವಾಗಿ ಮಾರ್ಪಟ್ಟಿದೆ. ದೂರದೂರುಗಳ ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿ ವಾಸಿಸುತ್ತಾರೆ. ಹಿಂದೆ ಮಂಗಳೂರು ತಾಲೂಕಿಗೆ ಸೇರಿದ್ದ ಊರು ಈಗ ತಾನೇ ತಾಲೂಕು ಕೇಂದ್ರವಾಗಿದೆ. ಬೆಳಗ್ಗೆ ನಗರಕ್ಕೆ ಹೋಗಿ ಸಂಜೆ ಮರಳುವ ನೌಕರವರ್ಗವೂ ಬೆಳೆದು, ಪ್ರಾಚೀನ ಕ್ಷೇತ್ರವು ಮಂಗಳೂರಿನ ಉಪನಗರದ ಲಕ್ಷಣವನ್ನು ತಳೆಯುತ್ತಿದೆ.

ಜೈನರ ಸಂಖ್ಯೆಯ ಚಿತ್ರ ಬೇರೆಯೇ. 2011ರ ಗಣತಿಯಂತೆ ಭಾರತದಲ್ಲಿ 44,51,753, ಕರ್ನಾಟಕದಲ್ಲಿ 4,40,280 ಮಂದಿ ಜೈನರಿದ್ದರು. ರಾಜ್ಯದ ಜನಸಂಖ್ಯೆಯಲ್ಲಿ ಇದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಆದರೆ ಸಂಖ್ಯೆಯಿಂದಲೇ ಧರ್ಮದ ಬಲವನ್ನು ಅಳೆಯುವುದಾದರೆ ವೇಣುಪುರದ ಇತಿಹಾಸವನ್ನು ಅರ್ಥೈಸುವುದೇ ಅಸಾಧ್ಯ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯನ್ನೂ, ಜಯಧವಲ ಮಹಾಧವಲಗಳನ್ನೂ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಜತನದಿಂದ ಉಳಿಸಿಕೊಂಡು ಬಂದುದು ಈ ಪುಟ್ಟ ಊರು. ಅವುಗಳ ಪ್ರತಿಗಳಿಂದಲೇ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಧವಲಾ ಸಂಪುಟಗಳು ಮುದ್ರಿತವಾಗಿ ಜಗತ್ತಿಗೆ ದೊರೆತವು. ಮಳೆ, ಗೆದ್ದಲು, ರಾಜ್ಯಪಲ್ಲಟ ಇವೆಲ್ಲವನ್ನೂ ದಾಟಿ ಆ ಗರಿಗಳು ಉಳಿದುದು ಕೆಲವೇ ಮನೆತನಗಳ ಹಾಗೂ ಶ್ರೀಮಠದ ನಿಷ್ಠೆಯಿಂದ.

ಪಂಚಕಲ್ಯಾಣದ ವಿಧಿಗಳಿಂದ ಶಿಲೆಯು ಬಿಂಬವಾಗುತ್ತದೆ. ಆ ಬಿಂಬದ ಮುಂದೆ ನಿತ್ಯವೂ ದೀಪ ಬೆಳಗುವುದು ಮಾತ್ರ ಉತ್ಸವದ ದಿನ ನೆರೆದ ಜನಸ್ತೋಮದಿಂದಲ್ಲ. ಉತ್ಸವ ಮುಗಿದ ಮರುದಿನ ಬಾಗಿಲು ತೆರೆಯುವ ಇಂದ್ರರಿಂದ, ದೂರದ ನಗರದಲ್ಲಿದ್ದರೂ ತನ್ನ ಊರಿನ ಬಸದಿಗೆ ತನ್ನ ಪಾಲನ್ನು ಕಳುಹಿಸುವ, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆತರುವ ಶ್ರಾವಕನಿಂದ. ಅರಸರು ಹೋದರು, ಉಂಬಳಿಯೂ ಹೋಯಿತು. ಉಳಿದಿರುವುದು ಶ್ರಾವಕಧರ್ಮವೊಂದೇ. ಅದು ಜಾಗೃತವಾಗಿರುವವರೆಗೆ ಜಿನಾಲಯಗಳು ಸ್ಮಾರಕಗಳಾಗದೆ ಆರಾಧನೆಯ ನೆಲೆಗಳಾಗಿಯೇ ಬಾಳುವವು.