ಕೆಂಪರ್ ಎತ್ತಿದ 210 ಕಿಲೋ: ಮ್ಯಾಗ್ಲೆವ್ ಚರಿತ್ರೆಯ ಒಂದು ತಪ್ಪು ಓದು

ಕಾಂತಬಲದಿಂದ ತೇಲಿ ಓಡುವ ಮ್ಯಾಗ್ಲೆವ್ ರೈಲಿನ ಚರಿತ್ರೆ ಬರೆಯುವವರಲ್ಲಿ ಹೆಚ್ಚಿನವರು ಒಂದೇ ವಂಶಾವಳಿಯನ್ನು ಒಪ್ಪಿಸುತ್ತಾರೆ: ಮೊದಲು 1912ರಲ್ಲಿ ಎಮಿಲ್ ಬಾಶಲೆ ಅಮೆರಿಕದಲ್ಲಿ ಪಡೆದ ಪೇಟೆಂಟ್, ನಂತರ ಜರ್ಮನಿಯ ಹರ್ಮನ್ ಕೆಂಪರ್ ಅವರ 1934ರ ಪೇಟೆಂಟ್, ಆಮೇಲೆ ಶಾಂಘೈ, ಕೊನೆಗೆ ಜಪಾನ್. ಇದರಲ್ಲಿ ಕೆಂಪರ್‌ಗೆ ಸಿಗುವುದು ಕನಸುಗಾರನ ಪಟ್ಟ. ಅವರು ಕಾಗದದ ಮೇಲೆ ಬರೆದದ್ದು ಕೈಗೂಡಲು ಅರೆವಾಹಕಗಳ ಯುಗವೇ ಬರಬೇಕಾಯಿತು ಎಂಬುದು ರೂಢಿಯ ಮಾತು. ಪೇಟೆಂಟನ್ನು ಓದಿ, 1938ರಲ್ಲಿ ಅವರೇ ಜರ್ಮನಿಯ ವಿದ್ಯುತ್ ತಂತ್ರಜ್ಞಾನದ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಬದಿಗಿಟ್ಟದ್ದರಿಂದ ಹುಟ್ಟಿದ ಮಾತು ಇದು.

ಆ ಲೇಖನದಲ್ಲಿ ಕೆಂಪರ್ ವಿವರಿಸಿದ ಪ್ರಯೋಗದ ಅಂಕಿಗಳು ಹೀಗಿವೆ: ಧ್ರುವದ ಮುಖ 30 ಸೆಂ.ಮೀ. × 15 ಸೆಂ.ಮೀ., ಕಾಂತಕ್ಷೇತ್ರ 0.25 ಟೆಸ್ಲಾ, ಗಾಳಿಯ ಅಂತರ 15 ಮಿ.ಮೀ., ವಿದ್ಯುತ್ 270 ವ್ಯಾಟ್, ಎತ್ತಿ ನಿಲ್ಲಿಸಿದ ಭಾರ 210 ಕಿಲೋ. ಇವನ್ನು ಲೆಕ್ಕ ಹಾಕಿ ನೋಡದೆ ಉಲ್ಲೇಖಿಸಿದವರೂ ಉತ್ಪ್ರೇಕ್ಷೆ ಎಂದು ಶಂಕಿಸುವವರೂ ಸಮಾನವಾಗಿ ಆತುರಗೇಡಿಗಳು.

0.25 ಟೆಸ್ಲಾ ಕ್ಷೇತ್ರ ಕಬ್ಬಿಣದ ಮೇಲೆ ಹಾಕುವ ಸೆಳೆತ ಚದರ ಮೀಟರಿಗೆ ಸುಮಾರು 24,900 ನ್ಯೂಟನ್. 30 × 15 ಸೆಂ.ಮೀ. ಎಂಬುದು ಇಡೀ ಕಾಂತದ ಒಟ್ಟು ವಿಸ್ತೀರ್ಣವಾಗಿದ್ದರೆ ಅದು ಎತ್ತಬಲ್ಲದ್ದು ಸುಮಾರು 114 ಕಿಲೋ ಮಾತ್ರ. ಆಗ ಕೆಂಪರ್ ಸುಳ್ಳು ಹೇಳಿದಂತಾಗುತ್ತದೆ. ಆದರೆ ವಿದ್ಯುತ್ಕಾಂತಕ್ಕೆ ಎರಡು ಧ್ರುವಗಳು. ಅಳತೆಯನ್ನು ಒಂದೊಂದು ಧ್ರುವಕ್ಕೆ ಅನ್ವಯಿಸಿದರೆ ಒಟ್ಟು 228 ಕಿಲೋ ಸಿಗುತ್ತದೆ. ಅಂಚುಗಳಲ್ಲಿ ಆಗುವ ಸಣ್ಣ ನಷ್ಟ ಕಳೆದರೆ 210 ಕಿಲೋ ಎಂಬುದು ಪ್ರಾಮಾಣಿಕವಾದ ಅಂಕಿ. (ಈ ಗುಣಾಕಾರಕ್ಕೆ ಪ್ರೌಢ ಭೌತಶಾಸ್ತ್ರವೇನೂ ಬೇಕಿಲ್ಲ, ಚರಿತ್ರೆ ಬರೆಯುವವರು ಮಾಡಲೇಬೇಕಾದ ಕೆಲಸವಿದು.)

ಭಾರ ಎತ್ತುವುದು ದೊಡ್ಡ ಸಂಗತಿಯಲ್ಲ. ಎತ್ತಿದ್ದನ್ನು ಹಿಡಿದು ನಿಲ್ಲಿಸುವುದೇ ಕಷ್ಟ. ಸೆಳೆತವು ಅಂತರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ವಿದ್ಯುತ್ ಪ್ರವಾಹ ಹಾಗೆಯೇ ಇದ್ದು ಅಂತರ 15ರಿಂದ 14 ಮಿ.ಮೀ.ಗೆ ಇಳಿದರೆ ಸೆಳೆತ ಸುಮಾರು ಶೇ. 15ರಷ್ಟು ಏರುತ್ತದೆ, ಕಾಂತ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಅಂತರ ಹೆಚ್ಚಿದರೆ ಕೆಳಗೆ ಬೀಳುತ್ತದೆ. 1842ರಲ್ಲಿ ಪ್ರಕಟವಾದ ಅರ್ನ್‌ಶಾ ಪ್ರಮೇಯ ಹೇಳುವುದೂ ಇದನ್ನೇ: ಸ್ಥಿರ ಕಾಂತಗಳ ಜೋಡಣೆಯೊಂದರಿಂದಲೇ ಸ್ಥಿರವಾದ ತೇಲುವಿಕೆ ಸಾಧ್ಯವಿಲ್ಲ. ಈ ಪ್ರಮೇಯವನ್ನು ತೋರಿಸಿ ಕೆಂಪರ್ ಅವರನ್ನು ತಳ್ಳಿಹಾಕುವವರು ಅವರ ಉಪಕರಣದ ಮುಖ್ಯ ಭಾಗವನ್ನೇ ನೋಡಿಲ್ಲ. ಅಲ್ಲಿ ಪ್ರವಾಹ ಸ್ಥಿರವಾಗಿರಲಿಲ್ಲ. ಅಂತರವನ್ನು ಅಳೆಯುವ ಸಂವೇದಕ, ಆ ಅಳತೆಗೆ ತಕ್ಕಂತೆ ಪ್ರವಾಹವನ್ನು ಏರಿಳಿಸುವ ವಾಲ್ವ್ ವರ್ಧಕ, ಎರಡೂ ಇದ್ದವು. ಪ್ರಮೇಯದ ಷರತ್ತೇ ಅಲ್ಲಿ ಅನ್ವಯಿಸದು.

ಅರೆವಾಹಕ ಬರುವವರೆಗೆ ಕಾಯಬೇಕಿತ್ತು ಎಂಬ ವಾದವೂ ನಿಲ್ಲುವುದಿಲ್ಲ. 15 ಮಿ.ಮೀ. ಅಂತರದಲ್ಲಿ ತೂಗುವ ಭಾರ ಹತೋಟಿ ತಪ್ಪಲು ತಗಲುವ ಕಾಲ ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು. ಅಂದಿನ ರೇಡಿಯೊ ವಾಲ್ವುಗಳು ಸೆಕೆಂಡಿಗೆ ಲಕ್ಷಾಂತರ ಕಂಪನಗಳನ್ನು ನಿಭಾಯಿಸುತ್ತಿದ್ದವು. ಅರೆವಾಹಕಗಳಿಂದ ಬಂದದ್ದು ಹಗುರತನ, ವಿಶ್ವಾಸಾರ್ಹತೆ, ದೊಡ್ಡ ಪ್ರವಾಹವನ್ನು ಆಳುವ ಬಲ. ಅವು ಅಮೂಲ್ಯ, ಆದರೆ ಮೂಲ ಆವಿಷ್ಕಾರ ಅವುಗಳದಲ್ಲ.

ಹೀಗೆ ನೋಡಿದಾಗ ಒಂದೇ ವಂಶಾವಳಿ ಎರಡಾಗಿ ಒಡೆಯುತ್ತದೆ. ಬಾಶಲೆ 1914ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ ಮಾದರಿಯಲ್ಲಿ ಪರ್ಯಾಯ ವಿದ್ಯುತ್ತಿನ ಸುರುಳಿಗಳು ಅಲ್ಯೂಮಿನಿಯಂ ತಟ್ಟೆಯನ್ನು ಮೇಲಕ್ಕೆ ತಳ್ಳುತ್ತಿದ್ದವು. ಅದು ಪ್ರೇರಿತ ಪ್ರವಾಹದ ವಿಕರ್ಷಣೆ. ಕೆಂಪರ್ ಅವರದು ನಿಯಂತ್ರಿತ ಆಕರ್ಷಣೆ. ಬಾಶಲೆಯ ತತ್ತ್ವ ಪ್ರಯೋಜನಕ್ಕೆ ಬಂದದ್ದು 1966ರಲ್ಲಿ, ಬ್ರೂಕ್‌ಹೇವನ್ನಿನ ಜೇಮ್ಸ್ ಪೋವೆಲ್ ಮತ್ತು ಗಾರ್ಡನ್ ಡ್ಯಾನ್ಬಿ ಅದಕ್ಕೆ ಅತಿವಾಹಕ ಕಾಂತಗಳನ್ನು ಸೂಚಿಸಿದಾಗ. ಜಪಾನಿನ ಯಮನಾಶಿ ಹಳಿ ಆ ಸಂತಾನ. ಜರ್ಮನಿಯ ಟ್ರಾನ್ಸ್‌ರಾಪಿಡ್ ಮತ್ತು ಅದನ್ನೇ ಓಡಿಸುತ್ತಿರುವ ಶಾಂಘೈ ಕೆಂಪರ್ ಸಂತಾನ. ತೇಲಿಸುವ ವಿಧಾನಗಳನ್ನು ತತ್ತ್ವದ ಆಧಾರದ ಮೇಲೆ ಬೇರ್ಪಡಿಸಬೇಕೆಂಬುದನ್ನು ಸಸೆಕ್ಸ್ ವಿಶ್ವವಿದ್ಯಾಲಯದ ಬಿ.ವಿ. ಜಯವಂತ್ ತಮ್ಮ 1981ರ ಗ್ರಂಥದಲ್ಲಿ ಮನದಟ್ಟು ಮಾಡಿಕೊಟ್ಟಿದ್ದಾರೆ. ನಾನು ನಿಸ್ಸಂಕೋಚವಾಗಿ ಜಯವಂತರ ಪಕ್ಷ. ಅವರನ್ನು ಓದಿಯೂ ಒಂದೇ ಗೆರೆ ಎಳೆಯುವವರ ಮೇಲೆ ನನಗೆ ತಾಳ್ಮೆಯಿಲ್ಲ.

ಈ ವಿಂಗಡಣೆ ಭವಿಷ್ಯದ ಲೆಕ್ಕಕ್ಕೂ ಬೇಕು. ಆಕರ್ಷಣೆಯ ರೈಲು ನಿಂತಲ್ಲೇ ತೇಲುತ್ತದೆ, ಆದರೆ ಅಂತರ ಸುಮಾರು 10 ಮಿ.ಮೀ.; ಅದಕ್ಕಾಗಿ ಇಡೀ ಮಾರ್ಗವನ್ನು ಮಿಲಿಮೀಟರ್ ನಿಖರತೆಯಲ್ಲಿ ಕಟ್ಟಬೇಕು. ಅತಿವಾಹಕ ರೈಲಿಗೆ ಸುಮಾರು 100 ಮಿ.ಮೀ. ಅಂತರ ದೊರೆಯುತ್ತದೆ, ಭೂಕಂಪದ ನಾಡಿಗೆ ಅದು ವರ. ಆದರೆ ಕಾಂತಗಳನ್ನು ಅತಿ ತಣ್ಣಗೆ ಇಡಬೇಕು, ಗಂಟೆಗೆ ಸುಮಾರು 150 ಕಿ.ಮೀ. ವೇಗ ದಾಟುವವರೆಗೆ ಚಕ್ರವೂ ಬೇಕು. 2015ರಲ್ಲಿ ಅದು ಗಂಟೆಗೆ 603 ಕಿ.ಮೀ. ಮುಟ್ಟಿದ್ದು ನಿಜ, ಆದರೆ 2007ರಲ್ಲಿ ಫ್ರಾನ್ಸಿನ ಟಿಜಿವಿ ರೈಲು ಉಕ್ಕಿನ ಚಕ್ರದ ಮೇಲೆ 574.8 ಕಿ.ಮೀ. ವೇಗದಲ್ಲಿ ಓಡಿದೆ. ಹಾಗಾಗಿ ಗರಿಷ್ಠ ವೇಗವನ್ನಷ್ಟೇ ಮುಂದಿಡುವ ವಾದ ದುರ್ಬಲ. ಟ್ರಾನ್ಸ್‌ರಾಪಿಡ್‌ನ ಬರ್ಲಿನ್–ಹ್ಯಾಂಬರ್ಗ್ ಯೋಜನೆಯನ್ನು 2000ದಲ್ಲಿ, ಮ್ಯೂನಿಕ್ ಯೋಜನೆಯನ್ನು 2008ರಲ್ಲಿ ಕೈಬಿಟ್ಟರು. ಎರಡರಲ್ಲೂ ಭೌತಶಾಸ್ತ್ರ ಸೋಲಲಿಲ್ಲ. ಅತಿವಾಹಕ ರೈಲಿನ ಟೋಕಿಯೊ–ನಗೊಯಾ ಮಾರ್ಗ ತಡವಾದದ್ದರ ಹಿಂದೆ ಶಿಜುವೊಕದ ಸುರಂಗದಿಂದ ನದಿನೀರಿಗೆ ಏನಾಗುವುದೆಂಬ ತಕರಾರಿತ್ತು.

ಆದ್ದರಿಂದ ‘ಮ್ಯಾಗ್ಲೆವ್‌ಗೆ ಭವಿಷ್ಯವಿದೆಯೇ’ ಎಂದು ಒಟ್ಟಾರೆ ಕೇಳುವುದನ್ನು ಬಿಡಬೇಕು. ಯಾವ ಮ್ಯಾಗ್ಲೆವ್, ಯಾವ ನೆಲದ ಮೇಲೆ, ಎಷ್ಟು ದೂರಕ್ಕೆ ಎಂದು ಕೇಳಬೇಕು. ಆಕರ್ಷಣೆಯ ಶಾಖೆಯ ಚರಿತ್ರೆಯನ್ನು 1934ರ ಪೇಟೆಂಟಿನ ಬದಲು 1938ರಲ್ಲಿ ಪ್ರಕಟವಾದ ಪ್ರಯೋಗದಿಂದ ಆರಂಭಿಸಿದರೆ ಈ ಪ್ರಶ್ನೆಗಳು ತಾವಾಗಿ ಏಳುತ್ತವೆ, ಏಕೆಂದರೆ ಅಂತರಕ್ಕೂ ನಿಯಂತ್ರಣಕ್ಕೂ ತೆರಬೇಕಾದ ಬೆಲೆ ಆ ಪ್ರಯೋಗದ ಅಂಕಿಗಳಲ್ಲೇ ಇದೆ.