ಸೌರವಿದ್ಯುತ್ (ಗೋಕಾಕ–ಮೂಡಲಗಿ–ಹುಕ್ಕೇರಿ ಸೀಮೆ)

ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಬಿಸಿಲಿಗೂ ಕೊರತೆಯಿಲ್ಲ, ವಿದ್ಯುತ್ತಿನ ಅನುಭವಕ್ಕೂ ಕೊರತೆಯಿಲ್ಲ. ಗೋಕಾಕ ಜಲಪಾತದಲ್ಲಿ 1887ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ತಾಲ್ಲೂಕಿಗೆ ವಿದ್ಯುತ್ ವಿತರಿಸುತ್ತದೆ. ರಾಜ್ಯದಲ್ಲಿ ಇಂಥ ಸಹಕಾರ ಸಂಘ ಇದೊಂದೇ. ನೆರೆಯ ಚಿಕ್ಕೋಡಿ ತಾಲ್ಲೂಕಿನ ಇಟ್ನಾಳದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವಾಟ್ ಸೌರ ಸ್ಥಾವರ ಪಾವಗಡದ ಸೋಲಾರ್ ಪಾರ್ಕಿಗಿಂತ ಎಷ್ಟೋ ಮೊದಲೇ ಬಂತು.

ಆದರೂ ಸೌರವಿದ್ಯುತ್ ಮನೆಮನೆಗೆ ಹಬ್ಬದಿರಲು ಲೆಕ್ಕಾಚಾರವೇ ಕಾರಣ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. 2023ರ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೂ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಉಚಿತ. ಬಿಲ್ಲೇ ಬಾರದವರು ಮಾಳಿಗೆಯ ಮೇಲೆ ಫಲಕ ಹಾಕಿಸಿ ಉಳಿಸುವುದೇನು? 2024ರ ಪಿಎಂ ಸೂರ್ಯಘರ್ ಯೋಜನೆ 78,000 ರೂಪಾಯಿವರೆಗೆ ಸಹಾಯಧನ ಕೊಟ್ಟರೂ ಲಾಭ ಕಾಣುವುದು ಹೆಚ್ಚು ಬಳಸುವ ಮನೆಗಳಿಗೆ.

ಇನ್ನೊಂದು ತೊಡಕು ಮುಂಗಡ ಹಣ. 1995ರಲ್ಲಿ ಹರೀಶ್ ಹಂದೆ ಕಟ್ಟಿದ ಸೌರವಿದ್ಯುತ್ ಸಂಸ್ಥೆ ಸೆಲ್ಕೊ ಇದಕ್ಕೆ ದಾರಿ ತೋರಿಸಿತು: ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಗಿರಾಕಿಯ ಆದಾಯ ಬರುವ ರೀತಿಗೆ ಕಂತು ಹೊಂದಿಸಿ, ದುರಸ್ತಿಗೆ ಹತ್ತಿರದಲ್ಲೇ ಜನರನ್ನಿಟ್ಟಿತು. ಕಬ್ಬು ಬೆಳೆಯುವ ಈ ಸೀಮೆಗೂ ಆ ಪಾಠ ಸಲ್ಲುತ್ತದೆ. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಹಣ ಕೈಗೆ ಬರುವ ಹೊತ್ತಿಗೆ ಕಂತು ಇರಬೇಕು, ತಿಂಗಳ ಕಂತು ರೈತನಿಗೆ ಭಾರ.

ಈ ಸೀಮೆಯ ನಾಗನೂರದಂಥ ನೀರಾವರಿ ಊರುಗಳ ರೈತನಿಗೆ ಬೇಕಾದದ್ದು ಹಗಲಿನ ಕರೆಂಟ್. ಪಂಪ್ ಓಡಿಸುವ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಕತ್ತಲಲ್ಲಿ, ಹಾವಿನ ಭಯದಲ್ಲಿ ಕಬ್ಬಿಗೆ ನೀರು ಹಾಯಿಸಬೇಕು. ಸೌರಶಕ್ತಿ ಈ ಸಂಕಟವನ್ನೇ ನೀಗಿಸಬಲ್ಲದು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಡಿ ಸೌರ ಪಂಪ್‌ಸೆಟ್‌ಗೆ ಕೇಂದ್ರ ಶೇ 30, ರಾಜ್ಯ ಶೇ 50 ಭರಿಸುತ್ತವೆ. ಉಳಿದ ಶೇ 20 ರೈತನದು. ಉಚಿತ ಕರೆಂಟ್ ಇರುವವರಿಗೆ ಆ ಶೇ 20 ಕೂಡ ಹೆಚ್ಚೇ. ಜೊತೆಗೆ ಧೂಳು, ಕಬ್ಬಿನ ರವದಿ ಸುಟ್ಟ ಮಸಿ ಫಲಕದ ಮೇಲೆ ಕೂತರೆ ಉತ್ಪಾದನೆ ಇಳಿಯುತ್ತದೆ. ಆಗಾಗ ತೊಳೆಯುವ ಕೆಲಸ ತಪ್ಪುವುದಿಲ್ಲ.

ಹೀಗಾಗಿ ಈ ಸೀಮೆಗೆ ಹೆಚ್ಚು ಒಪ್ಪುವುದು ಕುಸುಮ್‌ನ ಫೀಡರ್ (ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒಯ್ಯುವ ಮಾರ್ಗ) ಮಟ್ಟದ ಸೌರೀಕರಣ. ಉಪಕೇಂದ್ರದ ಬಳಿಯೇ ಸೌರ ಸ್ಥಾವರ ಹಾಕಿದರೆ ರೈತ ಹೊಸ ಪಂಪು ಕೊಳ್ಳಬೇಕಿಲ್ಲ, ಹಗಲಲ್ಲೇ ನೀರು ಹಾಯಿಸಬಹುದು. ಉಚಿತ ವಿದ್ಯುತ್ತಿಗೆ ಸರ್ಕಾರ ತೆರುವ ಸಬ್ಸಿಡಿಯೂ ಇಳಿಯುತ್ತದೆ.